ಜಮೈಕಾದ ಚಿಕನ್ ಕರಿ ನಮ್ಮ ಕೈಯಲ್ಲಿ ಕೋಳಿ ಸಾರಾಗುವುದು ಯಾಕೆ?

ಪ್ರಶ್ನೆ: ಓದಲು ಹೋಗಿ ಎರಡು ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೆ. ರೂಮಿನ ಹತ್ತಿರ ಜಮೈಕಾದವರ ಒಂದು ಪುಟ್ಟ ಹೋಟೆಲ್ ಇತ್ತು. ಅಲ್ಲಿನ ಚಿಕನ್ ಕರಿಯ ರುಚಿ ಇನ್ನೂ ನಾಲಿಗೆ ಮೇಲಿದೆ. ದಾವಣಗೆರೆಗೆ ಬಂದ ಮೇಲೆ ಎಷ್ಟೋ ಸಲ ಮಾಡಿ ನೋಡಿದೆ. ಅರಿಶಿನ ಜಾಸ್ತಿ ಹಾಕಿದೆ, ತೆಂಗಿನ ಹಾಲು ಹಾಕಿದೆ, ಗರಂ ಮಸಾಲೆಯನ್ನೂ ಹಾಕಿದೆ. ಕೊನೆಗೆ ಅದು ನಮ್ಮ ಕೋಳಿ ಸಾರೇ ಆಗುತ್ತದೆ. ಸ್ಕಾಚ್ ಬಾನೆಟ್ ಮೆಣಸಿನಕಾಯಿ, ಆಲ್‌ಸ್ಪೈಸ್ ಕಾಳು, ಥೈಮ್ ಸೊಪ್ಪು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅವಿಲ್ಲದೆ ಆಗುತ್ತದಾ? ಕುಕ್ಕರ್‌ನಲ್ಲಿ ಮಾಡಬಹುದಾ? ಅಮ್ಮ ಮಾಂಸ ತಿನ್ನುವುದಿಲ್ಲ. ಅವರಿಗೂ ಇದೇ ರುಚಿಯಲ್ಲಿ ಏನಾದರೂ ಮಾಡಬಹುದಾ?

ಉತ್ತರ: ಖಂಡಿತ ಆಗುತ್ತದೆ, ದಾವಣಗೆರೆಯಲ್ಲೇ ಆಗುತ್ತದೆ. ಆದರೆ ನಿಮ್ಮ ಪತ್ರ ಓದಿದರೆ ಒಂದು ವಿಷಯ ಕಾಣುತ್ತದೆ. ಪ್ರತಿ ಸಲವೂ ನೀವು ಏನಾದರೊಂದು ಸೇರಿಸುತ್ತಾ ಹೋಗಿದ್ದೀರಿ. ಈ ಅಡುಗೆಯಲ್ಲಿ ಹಾಕುವುದಕ್ಕಿಂತ ಬಿಡುವುದೇ ಜಾಸ್ತಿ. ಕರಿಬೇವು ಬೇಡ, ಕೊತ್ತಂಬರಿ ಸೊಪ್ಪು ಬೇಡ, ಟೊಮೆಟೊ ಬೇಡ, ಮೊಸರು ಬೇಡ, ಗಸಗಸೆ ಬೇಡ, ರುಬ್ಬಿದ ಕಾಯಿ ಬೇಡ. ಗರಂ ಮಸಾಲೆ ಡಬ್ಬಿ ಬೇಡ. ಅಚ್ಚಖಾರದ ಪುಡಿಯಂತೂ ಬೇಡವೇ ಬೇಡ. ಕೋಳಿ ಕಂಡ ಕೂಡಲೇ ನಮ್ಮ ಕೈ ತಾನಾಗಿ ಆ ಡಬ್ಬಿಗಳ ಕಡೆ ಹೋಗುತ್ತದೆ. ಅಲ್ಲೇ ಅದು ಕೋಳಿ ಸಾರಾಗುವುದು.

ಈ ಕರಿಯ ಬೇರು ಭಾರತದಲ್ಲೇ ಇದೆ, ಆದರೆ ನಮ್ಮ ಕಡೆಯಲ್ಲಲ್ಲ. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾಯಿತು. 1838ಕ್ಕೆ ಜಮೈಕಾದಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಮೂಲದ ಜನರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಕಬ್ಬಿನ ತೋಟದ ಮಾಲೀಕರಿಗೆ ಕಡಿಮೆ ಕೂಲಿಗೆ ದುಡಿಯುವವರು ಬೇಕಿತ್ತು. ಅವರು ಭಾರತದ ಕಡೆ ನೋಡಿದರು. 1845ರ ಮೇ 10ರಂದು ಬ್ಲಂಡೆಲ್ ಎಂಬ ಹಡಗು ಭಾರತದ ಕೂಲಿಯಾಳುಗಳನ್ನು ಹೊತ್ತು ಜಮೈಕಾದ ಓಲ್ಡ್ ಹಾರ್ಬರ್ ಬೇ ತಲುಪಿತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಈ ಪದ್ಧತಿ ನಿಲ್ಲುವವರೆಗೆ ಸುಮಾರು 36,000 ಮಂದಿ ಹೀಗೆ ಕರಾರಿನ ಮೇಲೆ ಹೋದರು. ಬಹುಪಾಲು ಜನ ಈಗಿನ ಬಿಹಾರ, ಉತ್ತರ ಪ್ರದೇಶದ ಹಳ್ಳಿಯವರು. ಕಲ್ಕತ್ತಾ ಬಂದರಿನಿಂದ ಹಡಗು ಹತ್ತಿದವರು. ಕರಾರು ಮುಗಿದ ಮೇಲೂ ತುಂಬ ಜನ ಊರಿಗೆ ಮರಳಲಿಲ್ಲ.

ಅವರ ಅಡುಗೆಯಲ್ಲಿ ಅರಿಶಿನ, ಜೀರಿಗೆ, ಕೊತ್ತಂಬರಿ ಬೀಜ, ಮೆಂತ್ಯ, ಸಾಸಿವೆ ಇತ್ತು. ನಮ್ಮ ಹಾಗೆ ಕಾಯಿ ರುಬ್ಬುವ, ಕರಿಬೇವಿನ ಒಗ್ಗರಣೆ ಹಾಕುವ ರೂಢಿ ಇರಲಿಲ್ಲ. ಹೋದ ಕಡೆ ಊರಿನ ಸೊಪ್ಪು, ಊರಿನ ಮೆಣಸಿನಕಾಯಿ ಸಿಗಲಿಲ್ಲ. ದ್ವೀಪದಲ್ಲಿ ಏನು ಬೆಳೆಯುತ್ತಿತ್ತೋ ಅದೇ ಪಾತ್ರೆಗೆ ಬಿತ್ತು: ಜಮೈಕಾದವರು ಪಿಮೆಂಟೊ ಎನ್ನುವ ಆಲ್‌ಸ್ಪೈಸ್, ಸ್ಕಾಚ್ ಬಾನೆಟ್, ಥೈಮ್, ಈರುಳ್ಳಿ ಸೊಪ್ಪು. ಆಫ್ರಿಕನ್ ಮೂಲದ ನೆರೆಹೊರೆಯವರು ಅದನ್ನು ಕಲಿತು ತಮ್ಮದು ಮಾಡಿಕೊಂಡರು. ಇವತ್ತು ಜಮೈಕಾದಲ್ಲಿ ಭಾರತೀಯ ಮೂಲದವರ ಸಂಖ್ಯೆ ತೀರ ಕಡಿಮೆ. ಕರಿ ಮಾತ್ರ ಇಡೀ ದೇಶದ್ದು. ಮದುವೆ, ಹಬ್ಬ, ಸಾವಿನ ಮನೆಯ ಒಂಬತ್ತನೇ ರಾತ್ರಿ, ಎಲ್ಲದಕ್ಕೂ ದೊಡ್ಡ ಪಾತ್ರೆಯಲ್ಲಿ ಆಡಿನ ಕರಿ ಆಗಲೇಬೇಕು. ಕೋಳಿಯದ್ದು ಮನೆಯ ದಿನದ ಅಡುಗೆ. ನಮಗೆ ಜಮೈಕಾ ಅಂದರೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಿಕ್ಸರ್ ಬಾರಿಸಿದ ಕ್ರಿಸ್ ಗೇಲ್ ನೆನಪಾಗುತ್ತಾರೆ, ಓಟದ ಉಸೇನ್ ಬೋಲ್ಟ್ ನೆನಪಾಗುತ್ತಾರೆ. ಅಲ್ಲಿನ ಮನೆಗಳಲ್ಲಿ ನಮ್ಮ ದೇಶದ ಅರಿಶಿನ ಹೀಗೆ ಉಳಿದುಕೊಂಡಿದೆ ಎನ್ನುವುದು ನಮ್ಮಲ್ಲಿ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ಈಗ ಪುಡಿಯಿಂದ ಶುರು ಮಾಡೋಣ. ಜಮೈಕಾದ ಕರಿ ಪುಡಿಯಲ್ಲಿ ಅರಿಶಿನದ್ದೇ ಮೇಲುಗೈ. ಬಹುತೇಕ ಪುಡಿಗಳಲ್ಲಿ ಖಾರವೇ ಇರುವುದಿಲ್ಲ. ಖಾರ ಹಸಿ ಮೆಣಸಿನಕಾಯಿಯಿಂದ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಕರಿ ಪೌಡರ್ ಎಂದು ಸಿಗುವುದರಲ್ಲಿ ಒಣ ಮೆಣಸಿನಕಾಯಿ ಇರುತ್ತದೆ, ಕೆಲವದರಲ್ಲಿ ಕರಿಬೇವೂ ಇರುತ್ತದೆ. ಪ್ಯಾಕೆಟ್ ಹಿಂದೆ ಬರೆದದ್ದನ್ನು ಓದಿ ನೋಡಿ. ಅದಕ್ಕಿಂತ ಮನೆಯಲ್ಲಿ ಮಾಡಿಕೊಳ್ಳುವುದೇ ಒಳ್ಳೆಯದು, ಹತ್ತು ನಿಮಿಷದ ಕೆಲಸ.

ಕೊತ್ತಂಬರಿ ಬೀಜ ಎರಡು ಟೇಬಲ್ ಚಮಚ, ಜೀರಿಗೆ ಒಂದು ಟೇಬಲ್ ಚಮಚ, ಸಾಸಿವೆ ಎರಡು ಟೀ ಚಮಚ, ಸೋಂಪು ಎರಡು ಟೀ ಚಮಚ, ಆಲ್‌ಸ್ಪೈಸ್ ಕಾಳು ಎರಡು ಟೀ ಚಮಚ, ಮೆಂತ್ಯ ಒಂದು ಟೀ ಚಮಚ, ಕಾಳುಮೆಣಸು ಒಂದು ಟೀ ಚಮಚ. ಇವನ್ನು ಸಣ್ಣ ಉರಿಯಲ್ಲಿ ಬರೀ ಬಿಸಿಯಾಗುವಷ್ಟು ಹುರಿಯಿರಿ. ಸಾರಿನ ಪುಡಿಗೆ ಹುರಿಯುವಷ್ಟು ಕೆಂಪಗೆ ಬೇಡ. ಯಾಕೆ ಅಂದರೆ ಈ ಪುಡಿ ಮುಂದೆ ಎಣ್ಣೆಯಲ್ಲಿ ಇನ್ನೊಮ್ಮೆ ಚೆನ್ನಾಗಿ ಹುರಿಯುತ್ತದೆ. ಮೆಂತ್ಯ ಈಗಲೇ ಕೆಂಪಾದರೆ ಆಗ ಕಹಿಯಾಗುತ್ತದೆ. ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಎರಡು ತುಂಬು ಟೇಬಲ್ ಚಮಚ ಅರಿಶಿನ ಪುಡಿ, ಒಂದು ಟೀ ಚಮಚ ಒಣಶುಂಠಿ ಪುಡಿ ಬೆರೆಸಿ. ಇಷ್ಟು ಅರಿಶಿನಾನಾ ಎಂದು ಗಾಬರಿಯಾಗಬೇಡಿ. ನಮಗೆ ಚಿಟಿಕೆ ಹಾಕಿ ಅಭ್ಯಾಸ. ಇಲ್ಲಿ ಅದೇ ಮುಖ್ಯ. ಎಣ್ಣೆಯಲ್ಲಿ ಹುರಿದಾಗ ಅದರ ಮಣ್ಣಿನ ಘಾಟು ಹೋಗಿ ಸಿಹಿ ಘಮ ಬರುತ್ತದೆ.

ಇನ್ನು ನಿಮಗೆ ಸಿಗದ ಮೂರು ಸಾಮಾನು. ಮೂರಕ್ಕೂ ನಮ್ಮಲ್ಲಿ ದಾರಿ ಇದೆ. ಒಂದಕ್ಕಂತೂ ಬಲು ಹತ್ತಿರದ ದಾರಿ.

ಥೈಮ್ ಮೊದಲು ನೋಡೋಣ. ನಿಮ್ಮ ಮನೆ ಮುಂದೆ ಅಥವಾ ಪಕ್ಕದ ಮನೆಯ ಕುಂಡದಲ್ಲಿ ದೊಡ್ಡಪತ್ರೆ ಗಿಡ ಇರುತ್ತದೆ ಅಲ್ವಾ? ಮಕ್ಕಳಿಗೆ ನೆಗಡಿಯಾದರೆ ಬಾಡಿಸಿ ರಸ ಹಿಂಡುವ, ತಂಬುಳಿ ಮಾಡುವ ಅದೇ ದೊಡ್ಡಪತ್ರೆ. ಕೆರಿಬಿಯನ್ ದ್ವೀಪಗಳಲ್ಲಿ ಅದೇ ಗಿಡವನ್ನು ಅಗಲ ಎಲೆಯ ಥೈಮ್ ಎಂದು ಮಾಂಸದ ಅಡುಗೆಗೆ ಬಳಸುತ್ತಾರೆ. ಸಣ್ಣ ಎಲೆಯ ನಿಜವಾದ ಥೈಮ್‌ನಲ್ಲಿರುವ ಥೈಮಾಲ್, ಕಾರ್ವಕ್ರಾಲ್ ಎಂಬ ಸುವಾಸನೆಯ ಅಂಶಗಳು ದೊಡ್ಡಪತ್ರೆಯಲ್ಲೂ ಇವೆ. ಓಮದಲ್ಲಿ ಥೈಮಾಲ್ ಇನ್ನೂ ಜಾಸ್ತಿ ಇದೆ. ಒಂದು ಕೆಜಿ ಕೋಳಿಗೆ ದೊಡ್ಡಪತ್ರೆಯ ಎರಡು ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಒಂದು ಚಿಟಿಕೆ ಓಮವನ್ನು ಅಂಗೈಯಲ್ಲಿ ಉಜ್ಜಿ ಹಾಕಿ. ಅದಕ್ಕಿಂತ ಜಾಸ್ತಿ ಹಾಕಿದರೆ ಔಷಧಿ ಕುಡಿದ ಹಾಗಾಗುತ್ತದೆ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಒಣ ಥೈಮ್ ಬಾಟಲಿ ಸಿಗುತ್ತದೆ. ಪಿಜ್ಜಾಕ್ಕೆ ಉದುರಿಸುವ ಸಾಮಾನುಗಳ ಪಕ್ಕ ಇಟ್ಟಿರುತ್ತಾರೆ. ಅದು ಸಿಕ್ಕರೆ ಒಂದು ಟೀ ಚಮಚ ಸಾಕು, ಆಗ ಓಮ ಬೇಡ. ಒಂದೆರಡು ದೊಡ್ಡಪತ್ರೆ ಎಲೆ ಆಗಲೂ ಇರಲಿ. ಹಸಿ ಎಲೆಯ ಘಮ ಒಣ ಎಲೆಯಲ್ಲಿ ಬರುವುದಿಲ್ಲ.

ಆಲ್‌ಸ್ಪೈಸ್ ನಮ್ಮಲ್ಲಿ ಗಂಧಮೆಣಸು. ಮಲೆನಾಡು, ಕರಾವಳಿಯ ಕೆಲವು ತೋಟಗಳಲ್ಲಿ ಈ ಮರ ಇದೆ, ನರ್ಸರಿಗಳಲ್ಲಿ ಸಸಿ ಮಾರುತ್ತಾರೆ. ನಮ್ಮಲ್ಲಿ ಜಾಸ್ತಿ ಬಳಸುವುದು ಎಲೆಯನ್ನೇ, ಪಲಾವಿಗೆ ಹಾಕುತ್ತಾರೆ. ಅಂಥ ಎಲೆ ಸಿಕ್ಕರೆ ಬಿಡಬೇಡಿ, ಎರಡು ಎಲೆ ಹರಿದು ಹಾಕಿ. ಜಮೈಕಾದಲ್ಲಿ ಕಾಯಿ ಇನ್ನೂ ಹಸಿರಾಗಿರುವಾಗಲೇ ಬಿಡಿಸಿ ಬಿಸಿಲಲ್ಲಿ ಒಣಗಿಸುತ್ತಾರೆ. ನೋಡಲು ಕಾಳುಮೆಣಸಿಗಿಂತ ತುಸು ದಪ್ಪ, ಕಂದು ಬಣ್ಣ. ಕಚ್ಚಿದರೆ ಮೊದಲು ಲವಂಗ, ಹಿಂದೆಯೇ ಚಕ್ಕೆ, ಜಾಯಿಕಾಯಿ ನೆನಪಾಗುತ್ತದೆ. ಲವಂಗದಲ್ಲಿರುವ ಯುಜಿನಾಲ್ ಎಂಬ ಎಣ್ಣೆಯ ಅಂಶವೇ ಇದರಲ್ಲೂ ಮುಖ್ಯ, ಅದಕ್ಕೇ ಹಾಗೆ. ಆನ್‌ಲೈನ್‌ನಲ್ಲಿ ಆಲ್‌ಸ್ಪೈಸ್ ಕಾಳು ಸಿಗುತ್ತದೆ. ಒಂದು ಸಣ್ಣ ಪ್ಯಾಕೆಟ್ ತರಿಸಿಕೊಳ್ಳಿ ಎಂದೇ ನನ್ನ ಸಲಹೆ. ಮೂರರಲ್ಲಿ ಬದಲಿ ಹುಡುಕದೆ ಅಸಲನ್ನೇ ತರಿಸಬೇಕಾದದ್ದು ಇದೊಂದೇ. ಅಷ್ಟರೊಳಗೆ ಮಾಡಲೇಬೇಕು ಅಂದರೆ ಎರಡು ಪಾಲು ಚಕ್ಕೆ ಪುಡಿ, ಒಂದು ಪಾಲು ಲವಂಗದ ಪುಡಿ, ಒಂದು ಪಾಲು ಜಾಯಿಕಾಯಿ ತುರಿ ಬೆರೆಸಿಟ್ಟುಕೊಳ್ಳಿ. ಎರಡು ಟೀ ಚಮಚ ಆಲ್‌ಸ್ಪೈಸ್ ಇರುವ ಕಡೆ ಇದನ್ನು ಒಂದು ಟೀ ಚಮಚ ಹಾಕಿ. ಏಲಕ್ಕಿ ಮಾತ್ರ ಸೇರಿಸಬೇಡಿ. ಏಲಕ್ಕಿ ಬಿದ್ದ ಕ್ಷಣ ಅದು ಬಿರಿಯಾನಿ ಕಡೆ ತಿರುಗುತ್ತದೆ.

ಸ್ಕಾಚ್ ಬಾನೆಟ್ ಸ್ವಲ್ಪ ಕಷ್ಟ. ಅದರ ಖಾರ 1,00,000ದಿಂದ 3,50,000 ಸ್ಕೋವಿಲ್ ಅಳತೆಯಲ್ಲಿರುತ್ತದೆ. ಆದರೆ ಜಮೈಕಾದವರು ಅದನ್ನು ಹಾಕುವುದು ಬರೀ ಖಾರಕ್ಕಲ್ಲ. ಹಣ್ಣಿನ ಹಾಗೆ ಒಂದು ಸಿಹಿ ವಾಸನೆ ಇದೆ ಅದಕ್ಕೆ. ಅದೇ ಜಾತಿಯ ಹಬನೇರೊ ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ. ಬೀಜ ತರಿಸಿ ಕುಂಡದಲ್ಲಿ ಬೆಳೆಯುವವರೂ ಇದ್ದಾರೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ದುಂಡನೆಯ ಡಲ್ಲೆ ಮೆಣಸಿನಕಾಯಿ ಉಪ್ಪುನೀರಿನ ಬಾಟಲಿಯಲ್ಲಿ ಬರುತ್ತದೆ, ತೊಳೆದು ಬಳಸಿ. ಅದರ ಘಮವೂ ಈ ಅಡುಗೆಗೆ ಒಪ್ಪುತ್ತದೆ. ಈಶಾನ್ಯದ ಭೂತ್ ಜೊಲೊಕಿಯಾ ಕೂಡ ಹತ್ತಿರದ ನೆಂಟನೇ. ಆದರೆ ಖಾರ ಹಲವು ಪಟ್ಟು ಜಾಸ್ತಿ, ಮನೆಮಂದಿಗೆ ಮಾಡುವಾಗ ಅದರ ಸಹವಾಸ ಬೇಡ. ಇವ್ಯಾವೂ ಇಲ್ಲವೆಂದರೆ ನಾಲ್ಕು ಹಸಿಮೆಣಸಿನಕಾಯಿ ಮತ್ತು ಹಳದಿ ದೊಣ್ಣೆಮೆಣಸಿನಕಾಯಿಯ ಒಂದು ಸಣ್ಣ ತುಂಡು ಹಾಕಿ. ಖಾರ ಹಸಿಮೆಣಸಿನಿಂದ, ಸಿಹಿ ವಾಸನೆ ದೊಣ್ಣೆಮೆಣಸಿನಿಂದ. ಅಸಲಿಗೆ ಸಮ ಅಲ್ಲ, ಆದರೂ ದಾರಿ ತಪ್ಪುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಮುಟ್ಟಬೇಡಿ. ಬ್ಯಾಡಗಿಯ ಹೆಚ್ಚುಗಾರಿಕೆ ಅದರ ಕೆಂಪು. ಇಲ್ಲಿ ಆ ಕೆಂಪೇ ಕೆಡುಕು. ಈ ಕರಿ ಮುಗಿಯುವ ಹೊತ್ತಿಗೆ ಕಡು ಹಳದಿಯಾಗಿ ಸ್ವಲ್ಪ ಕಂದಿನ ಕಡೆ ವಾಲಿರಬೇಕು.

ಒಂದು ಕೆಜಿ ಕೋಳಿ ತನ್ನಿ. ಮೂಳೆ ಇರಲಿ, ತೊಡೆ, ಕಾಲು ಜಾಸ್ತಿ ಇರಲಿ. ಬರೀ ಎದೆಯ ಮಾಂಸವಾದರೆ ರಸಕ್ಕೆ ರುಚಿ ಇಳಿಯುವುದಿಲ್ಲ, ತುಂಡೂ ನಾರಾಗುತ್ತದೆ. ಅಂಗಡಿಯವರಿಗೆ ಸಣ್ಣ ತುಂಡು ಮಾಡಲು ಹೇಳಿ. ಜಮೈಕಾದಲ್ಲಿ ಕೋಳಿಯನ್ನು ನಿಂಬೆ ಅಥವಾ ವಿನೆಗರ್ ಹಾಕಿ ತೊಳೆಯದೆ ಯಾರೂ ಒಲೆಗೆ ಇಡುವುದಿಲ್ಲ. ನೀವೂ ಒಂದು ನಿಂಬೆಹಣ್ಣು ಹಿಂಡಿ, ಅಗಲವಾದ ಪಾತ್ರೆಯೊಳಗೇ ಉಜ್ಜಿ, ನೀರು ಬಸಿದುಬಿಡಿ. ನಲ್ಲಿ ಕೆಳಗೆ ಹಿಡಿದು ನೀರು ಸಿಡಿಸಬೇಡಿ, ಹಸಿ ಕೋಳಿಯ ನೀರು ಸುತ್ತಮುತ್ತ ಹಾರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ತುಂಡುಗಳಿಗೆ ಒಂದೂವರೆ ಟೀ ಚಮಚ ಉಪ್ಪು, ಎರಡು ಟೇಬಲ್ ಚಮಚ ಕರಿ ಪುಡಿ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಹೆಚ್ಚಿದ ಒಂದು ಈರುಳ್ಳಿ, ದೊಡ್ಡಪತ್ರೆ, ಓಮ ಹಾಕಿ. ಮೂರು ನಾಲ್ಕು ಎಳೆ ಈರುಳ್ಳಿ ಸೊಪ್ಪನ್ನು, ಅಂದರೆ ಸ್ಪ್ರಿಂಗ್ ಆನಿಯನ್ನನ್ನು, ಚಾಕುವಿನ ಹಿಂಬದಿಯಿಂದ ಜಜ್ಜಿ ಆಮೇಲೆ ಹೆಚ್ಚಿ. ಜಜ್ಜಿದರೆ ರಸ ಬಿಡುತ್ತದೆ. ಆಲ್‌ಸ್ಪೈಸ್ ಕಾಳಿದ್ದರೆ ಆರೇಳು ಕಾಳು ಒಡೆದು ಹಾಕಿ. ಹಸಿಮೆಣಸಿನಕಾಯಿ ಬಳಸುತ್ತಿದ್ದರೆ ಎರಡನ್ನು ಸಣ್ಣಗೆ ಹೆಚ್ಚಿ ಇಲ್ಲೇ ಬೆರೆಸಿ, ಇನ್ನೆರಡನ್ನು ಇಡಿಯಾಗಿ ಆಮೇಲಕ್ಕೆ ಇಟ್ಟುಕೊಳ್ಳಿ. ಕೈಯಿಂದ ಚೆನ್ನಾಗಿ ತಿಕ್ಕಿ ಕಲಸಿ. ಉಗುರು ಒಂದೆರಡು ದಿನ ಹಳದಿಯಾಗಿರುತ್ತದೆ, ಬೇಡವೆಂದರೆ ಗ್ಲೌಸ್ ಹಾಕಿಕೊಳ್ಳಿ. ಎರಡು ಗಂಟೆ ಸಾಕು, ರಾತ್ರಿ ಕಲಸಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಇಲ್ಲಿ ಮತ್ತೆ ನಿಂಬೆರಸ ಹಿಂಡಬೇಡಿ. ಹುಳಿಯಲ್ಲಿ ರಾತ್ರಿಯಿಡೀ ಬಿದ್ದ ಕೋಳಿ ಹಿಟ್ಟುಹಿಟ್ಟಾಗುತ್ತದೆ.

ಈಗ ಇಡೀ ಅಡುಗೆ ನಿಂತಿರುವ ಕೆಲಸ. ಜಮೈಕಾದ ಅಡುಗೆಯವರು ಇದನ್ನು ಕರಿ ಸುಡುವುದು ಎನ್ನುತ್ತಾರೆ. ಅಲ್ಲಿ ಎಲ್ಲರ ಮನೆಯಲ್ಲೂ ದಪ್ಪ ಎರಕದ ಅಲ್ಯುಮಿನಿಯಂ ಪಾತ್ರೆ ಇರುತ್ತದೆ, ಡಚ್ ಪಾಟ್ ಎಂದು ಅದಕ್ಕೆ ಹೆಸರು. ನಿಮ್ಮಲ್ಲಿ ದಪ್ಪ ತಳದ ಯಾವ ಪಾತ್ರೆ ಇದ್ದರೂ ಸರಿ, ಬೀಡಿನ ಬಾಣಲೆಯಾದರೆ ಬಹಳ ಒಳ್ಳೆಯದು. ಮೂರು ಟೇಬಲ್ ಚಮಚ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಅಲ್ಲಿನ ಹಳೆಯ ರೂಢಿ, ಸೂರ್ಯಕಾಂತಿ ಎಣ್ಣೆಯೂ ನಡೆಯುತ್ತದೆ. ಎಣ್ಣೆ ಕಾದ ಮೇಲೆ ಉರಿ ಮಧ್ಯಕ್ಕೆ ತಂದು ಒಂದು ಟೇಬಲ್ ಚಮಚ ಕರಿ ಪುಡಿ ಹಾಕಿ, ಕೈ ಬಿಡದೆ ತಿರುವಿ.

ಇಲ್ಲಿ ಕಣ್ಣು, ಮೂಗು ಎರಡೂ ಪಾತ್ರೆಯ ಮೇಲೇ ಇರಬೇಕು. ಟೊರಾಂಟೊದ ಒಂದು ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ, ಜಮೈಕಾದ ಕ್ಲಾರೆಂಡನ್ ಕಡೆಯ ಹಿರಿಯ ಹೆಂಗಸೊಬ್ಬರು ಈ ಹೊತ್ತಿನಲ್ಲಿ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಪುಡಿ ಬಿದ್ದ ಕೂಡಲೇ ಎಣ್ಣೆ ನೊರೆ ಕಟ್ಟುತ್ತದೆ, ಬಣ್ಣ ಎದ್ದು ಕಾಣುವ ಹಳದಿ. ಹಸಿ ಅರಿಶಿನದ ವಾಸನೆ ಮೂಗಿಗೆ ಬಡಿಯುತ್ತದೆ. ಅರ್ಧ ನಿಮಿಷಕ್ಕೆ ನೊರೆ ತಗ್ಗುತ್ತದೆ. ಪುಡಿ ಎಣ್ಣೆ ಕುಡಿದು ಸಡಿಲ ಮುದ್ದೆಯಾಗುತ್ತದೆ, ಬಣ್ಣ ಕಂದುತ್ತಾ ಬರುತ್ತದೆ. ಆಗ ಹಸಿ ವಾಸನೆ ಹೋಗಿ ಹುರಿದ ಕಡಲೆಯ ಹಾಗೆ ಒಂದು ಘಮ ಏಳುತ್ತದೆ. ಆ ಹಿರಿಯರು ಅಲ್ಲಿಗೂ ನಿಲ್ಲಿಸುತ್ತಿರಲಿಲ್ಲ. ಇನ್ನೂ ಐದಾರು ಸಲ ಸೌಟು ತಿರುಗಿಸಿ, ಅಂಚಿನಲ್ಲಿ ಪುಡಿ ಕಡು ಕಂದಾಗಿ ಸಣ್ಣಗೆ ಹೊಗೆ ಕಾಣಿಸಿದ ಕೂಡಲೇ ಕೋಳಿ ಹಾಕುತ್ತಿದ್ದರು. ನಾವು ಸಾರಿನ ಪುಡಿಯನ್ನು ಕುದಿಯುವ ನೀರಿಗೆ ಹಾಕುವವರು, ಎಣ್ಣೆಗೆ ಹಾಕಿದರೂ ಐದೇ ಸೆಕೆಂಡ್. ಅದಕ್ಕೇ ನಿಮಗೆ ಆ ಹೋಟೆಲ್ಲಿನ ರುಚಿ ಬರದೇ ಇದ್ದದ್ದು. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಜೀರಿಗೆ, ಕೊತ್ತಂಬರಿ, ಆಲ್‌ಸ್ಪೈಸ್‌ಗಳ ಘಮವೂ ಅಷ್ಟೇ, ಎಣ್ಣೆಗೇ ಬಿಡುವುದು. ಅರಿಶಿನ ಜಾಸ್ತಿ ಹಾಕಿಯೂ ನಿಮಗೆ ಬರೀ ಹಸಿ ಘಾಟು ಸಿಕ್ಕಿರಬೇಕು, ಅಲ್ವಾ?

ಕಂದಾಗುವುದಕ್ಕೂ ಕರಕಲಾಗುವುದಕ್ಕೂ ನಡುವೆ ಕೆಲವೇ ಸೆಕೆಂಡ್ ಇದೆ. ಪುಡಿ ಕಪ್ಪಾಗಿ ಕಮಟು ವಾಸನೆ ಬಂತೋ, ಎಣ್ಣೆ ಸಮೇತ ಚೆಲ್ಲಿ ಪಾತ್ರೆ ಒರೆಸಿ ಮತ್ತೆ ಶುರು ಮಾಡಿ. ಹೋಗುವುದು ಒಂದು ಚಮಚ ಪುಡಿ. ಅದರ ಮೇಲೆ ಕೋಳಿ ಹಾಕಿದರೆ ಇಡೀ ಅಡುಗೆ ಕಹಿ, ಸಕ್ಕರೆ ಹಾಕಿದರೂ ಬೆಲ್ಲ ಹಾಕಿದರೂ ಸರಿಹೋಗುವುದಿಲ್ಲ. ಮೊದಲ ಸಲ ಮಾಡುವಾಗ ಪಕ್ಕದಲ್ಲಿ ಅರ್ಧ ಲೋಟ ನೀರು ಇಟ್ಟುಕೊಳ್ಳಿ. ಕೈಮೀರುತ್ತಿದೆ ಅನ್ನಿಸಿದರೆ ಮೊದಲು ಒಲೆ ಆರಿಸಿ, ಎರಡು ಚಮಚ ನೀರನ್ನು ದೂರದಿಂದ ಚಿಮುಕಿಸಿ. ಸಿಡಿಯುತ್ತದೆ, ಮುಖ ಹತ್ತಿರ ತರಬೇಡಿ.

ಕೋಳಿ ಹಾಕುವ ಮುಂಚೆ ತುಂಡಿಗೆ ಅಂಟಿದ ಈರುಳ್ಳಿ, ಸೊಪ್ಪನ್ನು ಕೊಡವಿ ಕಲಸಿದ ಪಾತ್ರೆಯಲ್ಲೇ ಬಿಡಿ. ಮೊದಲು ಬರೀ ತುಂಡುಗಳು ಒಲೆಗೆ ಹೋಗಲಿ. ಉರಿ ಜೋರು ಮಾಡಿ ಐದಾರು ನಿಮಿಷ ತಿರುವುತ್ತಾ ಎಲ್ಲ ಕಡೆ ಬಣ್ಣ ಬರಿಸಿ. ಆಮೇಲೆ ಉಳಿದ ಈರುಳ್ಳಿ ಮಸಾಲೆ ಸುರಿದು, ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ. ನೀರು ಹಾಕಬೇಡಿ. ಹತ್ತು ನಿಮಿಷಕ್ಕೆ ಕೋಳಿ ತಾನೇ ನೀರು ಬಿಟ್ಟು ಅದರಲ್ಲೇ ಕುದಿಯುತ್ತಿರುತ್ತದೆ. ಆ ರಸ ಅರ್ಧದಷ್ಟು ಇಂಗಿದ ಮೇಲೆ ಒಂದೂವರೆ ಲೋಟ ಬಿಸಿನೀರು ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ಹೊತ್ತಾಗುತ್ತದೆ. ಎರಡು ಆಲೂಗಡ್ಡೆ, ಒಂದು ಕ್ಯಾರೆಟ್ ದಪ್ಪಗೆ ಹೆಚ್ಚಿ ಹಾಕಿ. ಜಮೈಕಾದಲ್ಲಿ ಕೆಲವರು ಚೋಚೋ ಎಂಬ ತರಕಾರಿಯನ್ನೂ ಹಾಕುತ್ತಾರೆ. ಅದು ಬೇರೇನಲ್ಲ, ನಮ್ಮ ಸೀಮೆಬದನೆಕಾಯಿ. ಸಿಕ್ಕರೆ ಅರ್ಧ ಹಾಕಿ, ರಸವನ್ನು ಚೆನ್ನಾಗಿ ಹೀರುತ್ತದೆ.

ಈಗ ಇಡೀ ಮೆಣಸಿನಕಾಯಿ. ಸ್ಕಾಚ್ ಬಾನೆಟ್ ಅಥವಾ ಹಬನೇರೊ ಸಿಕ್ಕಿದ್ದರೆ ತೊಟ್ಟಿನ ಸಮೇತ, ಗೀರದೆ, ಹಾಗೇ ಮೇಲೆ ಇಡಿ. ಖಾರದ ಅಂಶ ಕಾಯಿಯೊಳಗೆ ಬೀಜ ಹಿಡಿದಿರುವ ಬಿಳಿ ಭಾಗದಲ್ಲಿ ಇರುತ್ತದೆ. ಕಾಯಿ ಒಡೆಯದಿದ್ದರೆ ಘಮ ಹೊರಗೆ ಬರುತ್ತದೆ, ಖಾರ ಹೆಚ್ಚುಪಾಲು ಒಳಗೇ ಉಳಿಯುತ್ತದೆ. ಸೌಟು ತಿರುಗಿಸುವಾಗ ಜೋಪಾನ. ಒಡೆದರೆ ಮಕ್ಕಳು ಊಟ ಮಾಡಲಾರರು. ಖಾರ ಬೇಕೇ ಬೇಕು ಅನ್ನುವವರು ಕಾಲು ಭಾಗವನ್ನು ಬೀಜ, ಬಿಳಿ ಭಾಗ ತೆಗೆದು ಹೆಚ್ಚಿ ಹಾಕಬಹುದು. ಹೆಚ್ಚಿದ ಕೈಗೆ ಮೊದಲು ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಿರಿ. ಬರೀ ನೀರಿಗೆ ಆ ಖಾರ ಬಿಡುವುದಿಲ್ಲ.

ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಕೊನೆಯ ಐದು ನಿಮಿಷ ಮುಚ್ಚಳ ತೆಗೆದು ಬಿಡಿ. ನಾಲ್ಕು ತುಂಡು ಆಲೂಗಡ್ಡೆಯನ್ನು ಪಾತ್ರೆಯ ಬದಿಗೆ ಒತ್ತಿ ಪುಡಿ ಮಾಡಿ ರಸಕ್ಕೆ ಬೆರೆಸಿ. ಜಮೈಕಾದ ಕರಿ ಗಟ್ಟಿಯಾಗುವುದು ಹೀಗೆ, ತೆಂಗಿನಕಾಯಿಂದಲೂ ಅಲ್ಲ, ಗೋಡಂಬಿಯಿಂದಲೂ ಅಲ್ಲ. ನಮ್ಮ ಹುಳಿಗಿಂತ ಗಟ್ಟಿ, ಪಲ್ಯಕ್ಕಿಂತ ಸಡಿಲ ಇರಬೇಕು. ಮೂಳೆಯ ಹತ್ತಿರ ಕೆಂಪು ರಸ ಇರಬಾರದು. ಥರ್ಮಾಮೀಟರ್ ಇದ್ದರೆ ತುಂಡಿನ ಒಳಗೆ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಉಪ್ಪು ನೋಡಿ, ಒಂದಿಷ್ಟು ಈರುಳ್ಳಿ ಸೊಪ್ಪು ಉದುರಿಸಿ ಇಳಿಸಿ.

ತೆಂಗಿನ ಹಾಲಿನ ವಿಷಯ. ಜಮೈಕಾದಲ್ಲೂ ಕೆಲವರು ಹಾಕುತ್ತಾರೆ, ಹಾಕಿದರೆ ತಪ್ಪಲ್ಲ. ಆದರೆ ನಮ್ಮ ವಿಷಯಕ್ಕೆ ಬಂದರೆ ಬೇಡ ಎಂದೇ ಹೇಳುತ್ತೇನೆ. ಅರಿಶಿನ, ಕೊತ್ತಂಬರಿ, ತೆಂಗು ಮೂರೂ ಸೇರಿದರೆ ನಮ್ಮ ನಾಲಿಗೆಗೆ ಕೂಡಲೇ ಕರಾವಳಿಯ ಗಸಿ ನೆನಪಾಗುತ್ತದೆ. ಥೈಮ್, ಆಲ್‌ಸ್ಪೈಸ್ ಎರಡೂ ಅದರಡಿ ಮುಚ್ಚಿಹೋಗುತ್ತವೆ. ತೆಂಗಿನ ಹಾಲನ್ನು ಅನ್ನಕ್ಕೆ ಬಳಸಿ. ಅಲ್ಲಿನವರು ಭಾನುವಾರ ರಾಜ್ಮಾ ಕಾಳನ್ನು ಬೇಯಿಸಿ, ಅದರ ಕೆಂಪು ನೀರಿಗೇ ತೆಂಗಿನ ಹಾಲು, ಥೈಮ್, ಈರುಳ್ಳಿ ಸೊಪ್ಪು, ಆಲ್‌ಸ್ಪೈಸ್ ಹಾಕಿ ಅಕ್ಕಿ ಬೇಯಿಸುತ್ತಾರೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಬಹಳ ಚೆನ್ನಾಗಿ ಬರುತ್ತದೆ, ನೀರು ಸ್ವಲ್ಪ ಕಡಿಮೆ ಇಡಿ. ಬಿಳಿ ಅನ್ನವೂ ಆಗುತ್ತದೆ, ರೊಟ್ಟಿಯೂ ಆಗುತ್ತದೆ. ಉಪ್ಪುನೀರಲ್ಲಿ ಬೇಯಿಸಿದ ಬಾಳೆಕಾಯಿ ಅಲ್ಲಿನ ಊಟದ ದೊಡ್ಡ ಭಾಗ. ಹಣ್ಣಾದ ನೇಂದ್ರ ಬಾಳೆಯನ್ನು ಓರೆಯಾಗಿ ಕೊಯ್ದು ಎಣ್ಣೆಯಲ್ಲಿ ಕಂದಾಗುವವರೆಗೆ ಕರಿದು ಪಕ್ಕಕ್ಕಿಟ್ಟುಕೊಂಡರಂತೂ ಆ ಸಿಹಿ ಮತ್ತು ಈ ಖಾರಕ್ಕೆ ಒಳ್ಳೆ ಜೋಡಿ.

ಕುಕ್ಕರ್ ಬಗ್ಗೆ ಕೇಳಿದ್ದಿರಿ. ಫಾರಂ ಕೋಳಿಗೆ ಬೇಡ. ಎರಡು ವಿಷಲ್‌ಗೆ ಮಾಂಸ ಎಳೆಎಳೆಯಾಗುತ್ತದೆ, ರಸ ಇಂಗಿ ಗಟ್ಟಿಯಾಗಲು ಸಮಯವೂ ಸಿಗುವುದಿಲ್ಲ. ನಾಟಿ ಕೋಳಿಯಾದರೆ ಕುಕ್ಕರ್ ಸರಿ. ಕರಿ ಸುಡುವುದು, ತುಂಡು ಹುರಿಯುವುದನ್ನು ಕುಕ್ಕರ್ ತಳದಲ್ಲೇ ಮಾಡಿ, ಬಿಸಿನೀರು ಹಾಕಿ ಮೂರು ನಾಲ್ಕು ವಿಷಲ್ ಕೂಗಿಸಿ. ತಣ್ಣಗಾದ ಮೇಲೆ ಮುಚ್ಚಳ ತೆಗೆದು ಆಲೂಗಡ್ಡೆ, ದೊಡ್ಡಪತ್ರೆ, ಇಡೀ ಮೆಣಸಿನಕಾಯಿ ಹಾಕಿ ತೆರೆದೇ ಬೇಯಿಸಿ. ಮೆಣಸಿನಕಾಯಿಯನ್ನು ಮೊದಲೇ ಹಾಕಿದರೆ ಒತ್ತಡಕ್ಕೆ ಒಡೆದು ಹೋಗುತ್ತದೆ. ಮಟನ್‌ಗೂ ಇದೇ ಕ್ರಮ. ಆಲ್‌ಸ್ಪೈಸ್ ಮಾತ್ರ ಎರಡರಷ್ಟು ಬೇಕು.

ನಿಮ್ಮ ಅಮ್ಮನಿಗೆ ಮಾಡಲು ಜಮೈಕಾದ್ದೇ ಒಂದು ಒಳ್ಳೆಯ ದಾರಿ ಇದೆ. ಅಲ್ಲಿನ ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರಲ್ಲಿ ತುಂಬ ಮಂದಿ ಮಾಂಸ ಮುಟ್ಟುವುದಿಲ್ಲ. ಇಟಲ್ ಎಂದು ಕರೆಯುವ ಅವರ ಅಡುಗೆಯಲ್ಲಿ ಕಾಳು, ಗೆಡ್ಡೆ, ಕುಂಬಳಕಾಯಿ, ತೆಂಗಿನ ಹಾಲೇ ಮುಖ್ಯ. ಕೆಲವರು ಉಪ್ಪನ್ನೂ ಬಿಡುತ್ತಾರೆ, ಅದು ನಿಮಗೆ ಬೇಕಿಲ್ಲ. ಕಾಬೂಲಿ ಕಡಲೆಯನ್ನು ನೆನೆಸಿ ಮೆತ್ತಗೆ ಬೇಯಿಸಿಕೊಳ್ಳಿ. ಬೇರೆ ಪಾತ್ರೆಯಲ್ಲಿ ಕರಿ ಪುಡಿಯನ್ನು ಮೇಲೆ ಹೇಳಿದ ಹಾಗೇ ಸುಟ್ಟು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ. ಸಿಹಿಗುಂಬಳದ ಹೋಳು, ಕಡಲೆ, ಕಡಲೆ ಬೆಂದ ನೀರು ಹಾಕಿ. ಅರ್ಧ ಬೆಂದ ಮೇಲೆ ದೊಡ್ಡಪತ್ರೆ, ಇಡೀ ಮೆಣಸಿನಕಾಯಿ. ಇಲ್ಲಿ ತೆಂಗಿನ ಹಾಲು ಬೇಕು. ಕೋಳಿಯಿಂದ ಬರುವ ಜಿಡ್ಡು ಇಲ್ಲದಿರುವುದರಿಂದ ಕೊನೆಗೆ ಅರ್ಧ ಲೋಟ ಗಟ್ಟಿ ಹಾಲು ಹಾಕಿ ಒಂದು ಕುದಿ ಬರಿಸಿದರೆ ರಸ ತುಂಬಿಕೊಳ್ಳುತ್ತದೆ. ಕುಂಬಳ ಪೂರ್ತಿ ಕರಗುವವರೆಗೆ ಬಿಡಬೇಡಿ, ಹೋಳು ಹೋಳಾಗಿರಲಿ. ಅಮ್ಮ ಬೆಳ್ಳುಳ್ಳಿ, ಈರುಳ್ಳಿಯನ್ನೂ ತಿನ್ನದವರಾದರೆ ಶುಂಠಿ ಎರಡರಷ್ಟು ಹಾಕಿ. ರುಚಿ ಬೇರೆಯಾಗುತ್ತದೆ, ಆದರೆ ಚೆನ್ನಾಗಿಯೇ ಇರುತ್ತದೆ.

ಎರಡೂ ಕರಿ ಮಾರನೇ ದಿನಕ್ಕೆ ಇನ್ನೂ ರುಚಿ. ಫ್ರಿಜ್‌ಗೆ ಇಡುವ ಮುಂಚೆ ಆ ಇಡೀ ಮೆಣಸಿನಕಾಯಿಯನ್ನು ಹುಡುಕಿ ತೆಗೆದುಬಿಡಿ. ರಾತ್ರಿ ಮೆತ್ತಗಾಗಿ, ಬೆಳಗ್ಗೆ ಬಿಸಿ ಮಾಡುವಾಗ ಸೌಟು ತಗುಲಿದರೆ ಸಾಕು, ಒಡೆಯುತ್ತದೆ. ಬಿಸಿ ಮಾಡುವಾಗ ಎರಡು ಚಮಚ ಬಿಸಿನೀರು ಸೇರಿಸಿ, ಯಾಕೆಂದರೆ ಆಲೂಗಡ್ಡೆ ರಾತ್ರಿಯೆಲ್ಲ ರಸ ಕುಡಿದಿರುತ್ತದೆ. ಉಳಿದ ಕರಿ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಎರಡು ತಿಂಗಳೊಳಗೆ ಮುಗಿಸಿ.